ನೇತ್ರಾಣಿಯ ನೀರು ಕಲಿಸಿದ ಪಾಠ



"ದೇಶ ಸುತ್ತು, ಕೋಶ ಓದು" ಎಂದು ಹಿರಿಯರು ಹೇಳಿದ್ದಾರೆ. ಕೋಶವನ್ನು ನಿಮಗೆ ದಿನಾಲೂ ಓದಿಸುತ್ತೇನೆ. ಈ ಸಲದ ಗೋಡೆ ಪತ್ರಿಕೆಗೆ ನಾನು ಸುತ್ತಿ ಬಂದ ದೇಶದ ಪಾಠವನ್ನು ಬರೆದಿದ್ದೇನೆ.

ಹೋದ ಸಂಕ್ರಾಂತಿಯ ರಜೆ ಮುಗಿಸಿ ಶಾಲೆಗೆ ಬಂದ ದಿನ ಏಳನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸರ್, ಸಮುದ್ರದಾಗ ಈಸು ಬಿದ್ರಂತಲ್ರಿ, ಅಂಜಿಕಿ ಬರ್ಲಿಲ್ಲೇನ್ರಿ?" ಎಂದು ಕೇಳಿದ. "ಬಂತು" ಎಂದೆ. ಇಡೀ ತರಗತಿ ನಕ್ಕಿತು. ಈಸು ಬರುವ ಸರ್ ನೀರಿಗೆ ಅಂಜುವುದೆಂದರೆ ನಿಮಗೆ ನಗೆಯ ಮಾತು. ಆ ನಗುವಿಗೆ ಉತ್ತರವೇ ಈ ಲೇಖನ.

ಹೋದ ದಾರಿ

ನಾವು ಹೋದದ್ದು ಮೂವರು ಶಿಕ್ಷಕರು. ದೇವದುರ್ಗದಿಂದ ನಾನು, ಮಾನ್ವಿಯವರು ಒಬ್ಬರು, ರಾಯಚೂರು ನಗರದ ಗಣಿತದ ಮಾಸ್ತರರು ಒಬ್ಬರು. ನಾನು ಸಿರವಾರದ ಮೇಲೆ ಹಾಯ್ದು ಸಂಜೆಗೆ ಮಾನ್ವಿ ಮುಟ್ಟಿದೆ. ರಾತ್ರಿ ಬಸ್ಸಿನಲ್ಲಿ ಸಿಂಧನೂರು, ಗಂಗಾವತಿ, ಕೊಪ್ಪಳ, ಗದಗ ದಾಟಿ ಬೆಳಗಾಗುವಾಗ ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ. ಘಟ್ಟ ಇಳಿದ ಮೇಲೆ ಕುಮಟಾ, ಹೊನ್ನಾವರದ ಮೇಲೆ ಹಾಯ್ದು ಭಟ್ಕಳ ತಾಲ್ಲೂಕಿನ ಮುರುಡೇಶ್ವರ. ನಮ್ಮ ಕರಿ ಎರೆ ಭೂಮಿ, ಜಾಲಿ ಗಿಡ ನೋಡಿದ ಕಣ್ಣಿಗೆ ಅಲ್ಲಿ ಎತ್ತ ನೋಡಿದರೂ ಹಸಿರು.

ಘಟ್ಟ ಇಳಿಯುವಾಗ ಗಣಿತದ ಮಾಸ್ತರರು ಒಂದು ಒಳ್ಳೆಯ ಮಾತು ತೆಗೆದರು. ನಮ್ಮ ಕೃಷ್ಣೆ ಮಹಾಬಲೇಶ್ವರದಲ್ಲಿ ಹುಟ್ಟುತ್ತಾಳೆ. ಅಲ್ಲಿಂದ ಅರಬ್ಬೀ ಸಮುದ್ರ ಕೇವಲ 64 ಕಿ.ಮೀ. ದೂರ. ಆದರೆ ಅವಳು ಆ ಕಡೆಗೆ ಹೋಗದೆ ಪೂರ್ವಕ್ಕೆ ತಿರುಗಿ, ನಮ್ಮ ದೇವದುರ್ಗದ ದಂಡೆ ಸವರಿ, ಸುಮಾರು 1400 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ಮಾನ್ವಿಯ ಕಡೆಯ ತುಂಗಭದ್ರೆಯೂ ಪಶ್ಚಿಮ ಘಟ್ಟದ ಮಗಳೇ. ಅವಳೂ ಪೂರ್ವಕ್ಕೇ ಬಂದು ಕೃಷ್ಣೆಯನ್ನು ಕೂಡುತ್ತಾಳೆ. ಘಟ್ಟದ ನೆತ್ತಿಯೇ ನೀರನ್ನು ಎರಡು ಪಾಲು ಮಾಡುವ ಗೆರೆ. ಈ ಎರಡು ನದಿಗಳ ನಡುವಿನ ನಾಡು ನಮ್ಮದು. ಹಾಗಾಗಿ "ನೀರು ಅಂದ್ರ ನಮಗ ಗೊತ್ತಿಲ್ಲದ್ದೇನು" ಎಂಬ ಸೊಕ್ಕು ಮೂವರಿಗೂ ಇತ್ತು.

ದೋಣಿಯ ಮೇಲೆ

ಮರುದಿನ ಬೆಳಿಗ್ಗೆ ದೋಣಿ ಹತ್ತಿದೆವು. ನೇತ್ರಾಣಿ ದ್ವೀಪ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಸಮುದ್ರದ ಒಳಗಿದೆ. ಪಾರಿವಾಳ ದ್ವೀಪ ಎಂದೂ ಅದಕ್ಕೆ ಹೆಸರು. ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ, ದೋಣಿ ಹೋಗುವುದಿಲ್ಲ. ಅಕ್ಟೋಬರ್‌ನಿಂದ ಮೇ ತನಕ ಹೋಗಬಹುದು. ಮಾನ್ವಿಯ ಸರ್ ಸಂಕ್ರಾಂತಿಯ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಹೊಟ್ಟೆ ತುಂಬ ಉಂಡು ದೋಣಿ ಹತ್ತಿದವರು ಅರ್ಧ ದಾರಿಗೆ ಎಲ್ಲವನ್ನೂ ಸಮುದ್ರಕ್ಕೆ ಒಪ್ಪಿಸಿದರು. ಮೊದಲ ಪಾಠ: ದೋಣಿ ಹತ್ತುವ ಮುಂಚೆ ಹೊಟ್ಟೆಗೆ ಹಗುರಾದದ್ದು ತಿನ್ನಬೇಕು.

ದ್ವೀಪವೆಂದರೆ ನೀರಿನಿಂದ ಎದ್ದು ನಿಂತ ದೊಡ್ಡ ಬಂಡೆಯ ಗುಡ್ಡ. ಮೇಲೆ ಕಾಡು. ಬಿಳಿ ಹೊಟ್ಟೆಯ ಕಡಲ ಹದ್ದುಗಳಿಗೆ ಅದು ಮನೆ. ಮೀನುಗಾರರು ಹರಕೆ ಒಪ್ಪಿಸುವ ಜಟ್ಟಿಗ ದೇವರ ಸ್ಥಾನವೂ ಅಲ್ಲಿದೆ. ನಮ್ಮನ್ನು ದ್ವೀಪದ ಮೇಲೆ ಇಳಿಸಲಿಲ್ಲ. ದೋಣಿ ಪಕ್ಕದಲ್ಲಿ ಲಂಗರು ಹಾಕಿತು. ನಾವು ಇಳಿಯಬೇಕಾದದ್ದು ನೀರಿಗೆ.

ಈಸು ಬರುವವನ ಸೊಕ್ಕು

ದೋಣಿಯ ಹುಡುಗ ಎಲ್ಲರಿಗೂ ಕಿತ್ತಳೆ ಬಣ್ಣದ ತೇಲುವ ಜಾಕೆಟ್ ಕೊಟ್ಟ. ನಾನು, "ನನಗ ಬ್ಯಾಡಪ್ಪ, ಕೃಷ್ಣಾ ದಂಡಿಯವ ನಾನು, ಈಸಾಕ ಬರ್ತದ" ಎಂದೆ. ಅವನಿಗೆ ಇಪ್ಪತ್ತೆರಡು ವರ್ಷವೂ ಇರಲಿಕ್ಕಿಲ್ಲ. ನಗುತ್ತಾ ಹೇಳಿದ: "ಈಜು ಬರುವವರೇ ಮೊದ್ಲು ಹಾಕ್ಬೇಕು ಸರ್. ಬಾರದವರು ನಮ್ಮ ಕೈ ಬಿಡೋದಿಲ್ಲ. ಬರುವವರು ಬಿಟ್ಟು ಹೋಗ್ತಾರೆ."

ಒಲ್ಲದ ಮನಸ್ಸಿನಿಂದಲೇ ಹಾಕಿಕೊಂಡೆ. ನಂತರ ಮುಖಕ್ಕೆ ಕಣ್ಣು ಮೂಗು ಎರಡನ್ನೂ ಮುಚ್ಚುವ ಗಾಜಿನ ಕನ್ನಡಕ, ಬಾಯಿಗೆ ಒಂದು ಬಾಗಿದ ನಳಿಗೆ. ನೀರಿನ ಮೇಲೆ ಬೋರಲಾಗಿ ತೇಲುತ್ತಾ, ನಳಿಗೆಯಿಂದ ಉಸಿರಾಡುತ್ತಾ, ಕೆಳಗಿನ ಲೋಕ ನೋಡುವುದಕ್ಕೆ ಸ್ನಾರ್ಕಲಿಂಗ್ ಎಂದು ಹೆಸರು.

ನೀರಿಗೆ ಇಳಿದು ಮುಖ ತಗ್ಗಿಸಿದ್ದೇ ತಡ, ರೂಢಿಯಂತೆ ಮೂಗಿನಿಂದ ಉಸಿರು ಎಳೆದೆ. ಮೂಗು ಮುಚ್ಚಿದೆ! ಗಾಬರಿಯಾಗಿ ತಲೆ ಅಡ್ಡ ತಿರುಗಿಸಿದೆ. ನಳಿಗೆಯ ತುದಿ ನೀರಿಗೆ ತಾಗಿ ಉಪ್ಪು ನೀರು ಗಂಟಲಿಗೆ ಹೋಯಿತು. ಬಾವಿಯಲ್ಲಿ ಬಡಿಯುವಂತೆ ಕೈಕಾಲು ಬಡಿದೆ. ಬಡಿದಷ್ಟೂ ಉಸಿರು ಕಟ್ಟಿತು. ತೆರೆ ಎತ್ತುತ್ತದೆ, ಇಳಿಸುತ್ತದೆ. ಹಿಡಿಯಲು ಬಾವಿಯ ಮೆಟ್ಟಿಲಿಲ್ಲ, ಕಾಲೂರಲು ನೆಲವಿಲ್ಲ. ಆ ಜಾಕೆಟ್ ಇಲ್ಲದಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿರಲಿಲ್ಲವೇನೋ.

ಹುಡುಗ ಬಂದು ಕೈ ಹಿಡಿದ. "ಸರ್, ಬಡೀಬೇಡಿ. ಸುಮ್ನೆ ಮಲಗಿ. ಬಾಯಲ್ಲಿ ನಿಧಾನ ಉಸಿರು ತಗೊಳ್ಳಿ." ಅವನು ಹೇಳಿದಂತೆ ಮಾಡಿದೆ. ಒಂದು ನಿಮಿಷದಲ್ಲಿ ಎದೆ ಹಗುರಾಯಿತು. ಆಗ ಕಣ್ಣು ಬಿಟ್ಟು ಕೆಳಗೆ ನೋಡಿದೆ.

ಮಕ್ಕಳೇ, ಅದನ್ನು ಹೇಗೆ ಹೇಳಲಿ! ಬಂಡೆಗಳ ಮೇಲೆ ಹವಳ. ಅದರ ನಡುವೆ ಹಳದಿ ಪಟ್ಟೆಯ ಮೀನು, ನೀಲಿ ಮೀನು, ಒಂದೇ ಕಡೆ ಮುಖ ಮಾಡಿ ನಿಂತ ನೂರಾರು ಸಣ್ಣ ಮೀನಿನ ಹಿಂಡು. ಗಿಳಿಯ ಕೊಕ್ಕಿನಂಥ ಬಾಯಿಯ ಗಿಳಿಮೀನು ಬಂಡೆಯನ್ನು ಕಟ್ ಕಟ್ ಎಂದು ಕಡಿಯುವ ಸಪ್ಪಳ ನೀರಿನೊಳಗೂ ಕೇಳಿಸಿತು. ಹವಳವೆಂದರೆ ಕಲ್ಲಲ್ಲ, ಗಿಡವೂ ಅಲ್ಲ. ಸಣ್ಣ ಸಣ್ಣ ಪ್ರಾಣಿಗಳು ಕೂಡಿ ಕಟ್ಟಿಕೊಂಡ ಸುಣ್ಣದ ಮನೆ. ಅನೇಕ ಹವಳಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ನಾವು ಒಮ್ಮೆ ಕಾಲಿಟ್ಟು ಮುರಿದರೆ ಅದು ಮತ್ತೆ ಬೆಳೆಯಲು ಎಷ್ಟೋ ವರ್ಷ ಬೇಕು. ಅದಕ್ಕೇ ಮುಟ್ಟಬಾರದು, ತರಬಾರದು.

ವಿಜ್ಞಾನ ಏನು ಹೇಳುತ್ತದೆ?

1. ನೀರಿನಲ್ಲಿ ಬರಿಗಣ್ಣು ಬಿಟ್ಟರೆ ಎಲ್ಲ ಮಸುಕು. ಗಾಳಿಯಿಂದ ಬಂದ ಬೆಳಕನ್ನು ಬಗ್ಗಿಸುವಂತೆ ನಮ್ಮ ಕಣ್ಣು ಮಾಡಲ್ಪಟ್ಟಿದೆ. ಕನ್ನಡಕವು ಕಣ್ಣಿನ ಮುಂದೆ ಗಾಳಿಯ ಪದರ ಇಡುತ್ತದೆ. ಆಗ ಸ್ಪಷ್ಟ ಕಾಣುತ್ತದೆ. ಆದರೆ ಮೀನು ಇರುವುದಕ್ಕಿಂತ ಹತ್ತಿರವಾಗಿ, ದೊಡ್ಡದಾಗಿ ಕಾಣುತ್ತದೆ.

2. ನಳಿಗೆ ಒಂದು ಗೇಣು ಚಿಲ್ಲರೆಯಷ್ಟೇ ಏಕೆ? ಮೂರು ಮಾರು ಉದ್ದ ಮಾಡಿ ಆಳಕ್ಕೆ ಹೋಗಬಹುದಲ್ಲ? ಆಗದು. ಒಂದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ 100 ಗ್ರಾಂ ಭಾರ ಹೇರುತ್ತದೆ. ಎದೆ 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಎಂದು ಹಿಡಿಯಿರಿ. ಒಟ್ಟು 90 ಕಿಲೋ! ಎದೆಯ ಮೇಲೆ ಜೋಳದ ಚೀಲ ಇಟ್ಟಂತೆ. ಉಸಿರು ಎಳೆಯುವುದು ಹೇಗೆ?

3. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಹಾಗಾಗಿ ಅದು ನದಿಯ ನೀರಿಗಿಂತ ಭಾರ, ನಮ್ಮನ್ನು ತುಸು ಹೆಚ್ಚು ಎತ್ತಿ ಹಿಡಿಯುತ್ತದೆ. ಒಂದು ಗ್ಲಾಸಿನಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪು ಚೆನ್ನಾಗಿ ಕಲಸಿದ ನೀರು ಇಟ್ಟು ಹಸಿ ಕೋಳಿ ಮೊಟ್ಟೆ ಬಿಟ್ಟು ನೋಡಿ. (ಮೊಟ್ಟೆ ಸಮುದ್ರದ ನೀರಿನಲ್ಲೂ ಮುಳುಗೀತು, ಇನ್ನೂ ಹೆಚ್ಚು ಉಪ್ಪು ಬೇಕು.)

ಗೋಪುರದ ಮೇಲಿಂದ ಕಂಡದ್ದು

ಮಧ್ಯಾಹ್ನ ದಂಡೆಗೆ ಮರಳಿ ಮುರುಡೇಶ್ವರ ನೋಡಿದೆವು. ಮೂರು ಕಡೆ ಸಮುದ್ರವಿರುವ ಕಂದುಕಗಿರಿಯ ಮೇಲೆ ದೇವಸ್ಥಾನ, ಅದರ ಹಿಂದೆ 123 ಅಡಿ ಎತ್ತರದ ಶಿವನ ಮೂರ್ತಿ. ಮುಂದೆ 20 ಅಂತಸ್ತಿನ ರಾಜಗೋಪುರ, ಲಿಫ್ಟಿನಲ್ಲಿ ಮೇಲೆ ಹೋಗಬಹುದು. ಮೇಲಿಂದ ಕಡಲ ದಂಡೆ ನಕಾಶೆಯ ಹಾಗೆ ಕಾಣುತ್ತದೆ.

ಅಲ್ಲಿ ನಿಂತಾಗ ಮೂವರೂ ಸುಮ್ಮನಾದೆವು. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ದಂಡೆಯಲ್ಲಿ ನೀರುಪಾಲಾದರು. ನಿಮ್ಮದೇ ವಯಸ್ಸಿನವರು. ಅವರೂ ನಮ್ಮ ಹಾಗೆ ಸಮುದ್ರ ಇಲ್ಲದ ನಾಡಿನವರು.

ದಂಡೆಗೆ ಬಂದ ತೆರೆಯ ನೀರು ಮರಳಿ ಹೋಗಲೇಬೇಕಲ್ಲ? ಅದು ಕೆಲವೊಮ್ಮೆ ಒಂದು ಕಿರಿದಾದ ಪಟ್ಟಿಯಲ್ಲಿ ಕೂಡಿ ರಭಸದಿಂದ ಒಳಗೆ ಹೋಗುತ್ತದೆ. ಇದೇ ಕಡಲಿನ ಸೆಳೆತ. ಅಲ್ಲಿ ತೆರೆ ಒಡೆಯುವುದು ಕಡಿಮೆ. ನೋಡುವವರಿಗೆ ಅದೇ ಶಾಂತವಾದ ಜಾಗ ಎನಿಸುತ್ತದೆ. ಸಿಕ್ಕಿದರೆ ದಂಡೆಗೆ ಎದುರಾಗಿ ಈಸಬಾರದು, ಸೋತು ಹೋಗುತ್ತೀರಿ. ತೇಲಿಕೊಂಡು, ದಂಡೆಗೆ ಸಮನಾಗಿ ಪಕ್ಕಕ್ಕೆ ಸರಿದು, ಸೆಳೆತ ಬಿಟ್ಟ ಮೇಲೆ ಹೊರಗೆ ಬರಬೇಕು. ಕೈ ಎತ್ತಿ ಕೂಗಬೇಕು.

ಸಂಜೆ ಹೊನ್ನಾವರಕ್ಕೆ ಹೋದೆವು. ಜೋಗದಲ್ಲಿ ಧುಮುಕುವ ಶರಾವತಿ ಇಲ್ಲಿ ಸಮುದ್ರ ಸೇರುತ್ತಾಳೆ. ಅವಳ ಒಟ್ಟು ಉದ್ದ 128 ಕಿ.ಮೀ. ಮಾತ್ರ. ಹತ್ತಿರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಶುಚಿತ್ವ, ಸುರಕ್ಷತೆಗಾಗಿ ನೀಲಿ ಬಾವುಟದ ಮನ್ನಣೆ ಸಿಕ್ಕಿತು. ಅಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡಿ ಬಸ್ಸು ಹಿಡಿದೆವು.

ನಮ್ಮ ಊರಿನ ನೀರು

ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ನಾನು ಏಳನೇ ತರಗತಿಯಲ್ಲಿದ್ದಾಗ ನನ್ನ ಮಗ್ಗುಲಿಗೆ ಕೂಡುತ್ತಿದ್ದ ಗೆಳೆಯ ನೆನಪಾದ. ಇಡೀ ಊರಿನಲ್ಲಿ ಅವನಂತೆ ಈಸುವವರಿರಲಿಲ್ಲ. ನಾವೆಲ್ಲ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿಯುವಾಗ ಅವನು ಬುರುಡೆ ಬಿಚ್ಚಿ ಎಸೆದವರಲ್ಲಿ ಮೊದಲಿಗ. ಒಂದು ಮಳೆಗಾಲ ನದಿ ಏರಿತ್ತು. "ಇಷ್ಟ ನೀರಿಗೆ ಅಂಜ್ತೀರೇನ್ಲೇ" ಎಂದು ಧುಮುಕಿದ. ಮೂರನೇ ದಿನ ಕೆಳಗಿನ ಊರಿನ ಹತ್ತಿರ ಸಿಕ್ಕ. ಅಂದು ದಂಡೆಯ ಮೇಲೆ ನಿಂತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಇದನ್ನು ಇದುವರೆಗೆ ಯಾವ ತರಗತಿಯಲ್ಲೂ ಹೇಳಿರಲಿಲ್ಲ.

ಈಗ ಯೋಚಿಸಿ. ತೇಲುವ ಜಾಕೆಟ್ ಎಂದರೇನು? ಅದೇ ಸೋರೆ ಬುರುಡೆ. ಅಜ್ಜನ ಕಾಲದಿಂದ ನಮಗೆ ಗೊತ್ತಿದ್ದದ್ದೇ. ಕಲಿಯುವಾಗ ಕಟ್ಟಿಕೊಳ್ಳುತ್ತೇವೆ, ಕಲಿತ ಮೇಲೆ ನಾಚಿಕೆ. ಕುರ್ವಕಲಾ ಮುಂತಾದ ನಡುಗಡ್ಡೆಯ ಊರಿನವರು ತೆಪ್ಪದಲ್ಲಿ ಕೃಷ್ಣೆ ದಾಟುತ್ತಾ ಬಂದವರು. 2020ರ ಆಗಸ್ಟ್‌ನಲ್ಲಿ ಅಂಥ ಒಂದು ತೆಪ್ಪ ಮಗುಚಿ ನಾಲ್ವರು ಕೊಚ್ಚಿಹೋದರು. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ನಮ್ಮ ಹೂವಿನಹೆಡಗಿ ಸೇತುವೆಯೇ ಮುಳುಗುತ್ತದೆ. ನಮ್ಮ ಈಸು ಯಾವ ಲೆಕ್ಕ? ಇನ್ನು ಕಾಲುವೆ. ಸಿಮೆಂಟಿನ ಇಳಿಜಾರಿಗೆ ಪಾಚಿ ಹಿಡಿದಿರುತ್ತದೆ. ಇಳಿದವರಿಗೆ ಹತ್ತಲು ಹಿಡಿತವೇ ಸಿಗುವುದಿಲ್ಲ.

ಅದಕ್ಕಾಗಿ ಈ ನಾಲ್ಕು ಮಾತು ನೆನಪಿಡಿರಿ:

* ಯಾರೂ ಒಬ್ಬರೇ ನೀರಿಗೆ ಇಳಿಯಬಾರದು. ನದಿ ಏರಿದಾಗ ಇಳಿಯಲೇಬಾರದು.
* ತೆಪ್ಪವಾಗಲಿ ದೋಣಿಯಾಗಲಿ, ಈಸು ಬರಲಿ ಬಾರದಿರಲಿ, ಜಾಕೆಟ್ ಕೇಳಿ ಹಾಕಿಕೊಳ್ಳಿ. ಇಲ್ಲದಿದ್ದರೆ ಬಿರಡೆ ಬಿಗಿದ ಖಾಲಿ ಕ್ಯಾನನ್ನಾದರೂ ಅಪ್ಪಿಕೊಂಡು ಕೂಡಿರಿ.
* ಮುಳುಗುವವರನ್ನು ಹಿಡಿಯಲು ಹಾರಬೇಡಿ. ಹಗ್ಗ, ಸೀರೆ, ಕೋಲು, ಖಾಲಿ ಕ್ಯಾನು ಎಸೆಯಿರಿ. ದೊಡ್ಡವರನ್ನು ಕೂಗಿ ಕರೆಯಿರಿ.
* ಧುಮುಕುವವನಿಗೆ ಚಪ್ಪಾಳೆ ತಟ್ಟಬೇಡಿ. "ಬ್ಯಾಡೋ" ಎಂದು ಹೇಳುವವನೇ ನಿಜವಾದ ಗೆಳೆಯ.

ಅಂಜಿಕೆ ಬಂತೇನ್ರಿ ಎಂದು ಕೇಳಿದ ಹುಡುಗನಿಗೆ ಈಗ ಪೂರ್ತಿ ಉತ್ತರ: ಬಂತಪ್ಪ. ಅಂಜಿದ್ದಕ್ಕೆ ಒಬ್ಬರ ಮಾತು ಕೇಳಿದೆ, ಕೇಳಿದ್ದಕ್ಕೆ ಹವಳ ನೋಡಿದೆ.

ಅಭ್ಯಾಸ (ಉತ್ತರ ಬರೆದು ಶನಿವಾರದೊಳಗೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿರಿ)

1. ಕೃಷ್ಣೆ ಹತ್ತಿರದ ಅರಬ್ಬೀ ಸಮುದ್ರ ಬಿಟ್ಟು ಬಂಗಾಳ ಕೊಲ್ಲಿಗೆ ಹೋಗುವುದೇಕೆ?
2. ಎರಡು ಮೀಟರ್ ಆಳದಲ್ಲಿ ಎದೆಯ ಮೇಲೆ ಬೀಳುವ ನೀರಿನ ಭಾರ ಎಷ್ಟು? ಲೆಕ್ಕ ಮಾಡಿರಿ.
3. ಮೊಟ್ಟೆಯ ಪ್ರಯೋಗ ಮಾಡಿ, ಎಷ್ಟು ಚಮಚ ಉಪ್ಪಿಗೆ ತೇಲಿತು ಬರೆಯಿರಿ.
4. ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಬಾವಿ, ಹಳ್ಳ, ಕಾಲುವೆ ಎಲ್ಲೆಲ್ಲಿವೆ? ನಕಾಶೆ ಬರೆದು, ಹಗ್ಗ ಮತ್ತು ಕ್ಯಾನು ಎಲ್ಲಿ ಇಟ್ಟಿರಬೇಕು ಎಂಬುದನ್ನು ಗುರುತಿಸಿರಿ. ಈ ನಕಾಶೆಗಳನ್ನು ಕೂಡಿಸಿ ಗ್ರಾಮ ಪಂಚಾಯಿತಿಗೆ ಕೊಡೋಣ.