ಚೆಂಡು ಎತ್ತಿಕೊಡುವುದೂ ಆಟವೇ

ಪ್ರಶ್ನೆ: ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಿದ್ದೆ. ಈಗ ಕಚೇರಿಯಲ್ಲಿ ಟೀಮ್ ಲೀಡ್. ನಿನ್ನೆಯವರೆಗೆ ಜತೆಗಿದ್ದವರು ಮಾತು ಕೇಳುತ್ತಿಲ್ಲ. ಅವರು ಅರ್ಧಕ್ಕೆ ಬಿಟ್ಟ ಕೆಲಸವನ್ನೆಲ್ಲ ರಾತ್ರಿ ಕೂತು ನಾನೇ ಮುಗಿಸುತ್ತಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಆಟವನ್ನೇ ನೆನಪಿಸಿಕೊಳ್ಳಿ. ಬ್ಲಾಕ್ ಬಿಟ್ಟರೆ, ಒಬ್ಬರೇ ಸತತ ಎರಡು ಸಲ ಚೆಂಡು ಮುಟ್ಟುವಂತಿಲ್ಲ. ಆಟ ನಡೆಸುವ ಸೆಟ್ಟರ್ ಹೆಚ್ಚಾಗಿ ಸ್ಮ್ಯಾಶ್ ಹೊಡೆಯುವುದಿಲ್ಲ. ಎದುರಿನ ಬ್ಲಾಕ್ ಎಲ್ಲಿ ಸಡಿಲವಾಗಿದೆ, ತನ್ನವರಲ್ಲಿ ಯಾರು ಜಿಗಿಯಲು ಸಿದ್ಧರಿದ್ದಾರೆ ಎಂದು ಕ್ಷಣದಲ್ಲಿ ನೋಡಿ, ಅವರಿಗೆ ಬೇಕಾದ ಎತ್ತರಕ್ಕೆ ಚೆಂಡು ಕೊಡುತ್ತಾಳೆ. ನೀವು ರಾತ್ರಿ ಮಾಡುತ್ತಿರುವುದು ಆ ಎರಡನೇ ಸ್ಪರ್ಶ. ಅದು ಫೌಲ್.

ಓರಗೆಯವರನ್ನು ಮುನ್ನಡೆಸುವುದು ಕಷ್ಟ, ನಿಜ. ಅನಿಲ್ ಕುಂಬ್ಳೆ 2007ರಲ್ಲಿ ಟೆಸ್ಟ್ ನಾಯಕರಾದಾಗ ತೆಂಡೂಲ್ಕರ್, ಗಂಗೂಲಿ, ದ್ರಾವಿಡ್ ಮೂವರೂ ತಂಡದಲ್ಲಿದ್ದರು, ಮೂವರೂ ಮಾಜಿ ನಾಯಕರು. ಮರುವರ್ಷ ಜನವರಿಯಲ್ಲಿ, ಸಿಡ್ನಿಯ ಕಹಿ ಸೋಲಿನ ಬೆನ್ನಿಗೇ, ಅದೇ ತಂಡ ಪರ್ತ್‌ನಲ್ಲಿ 72 ರನ್‌ಗಳಿಂದ ಗೆದ್ದಿತು. ಹಿರಿಯರಿದ್ದದ್ದು ನಾಯಕನಿಗೆ ಬಲವಾಯಿತು.

ಹಾಗೆಂದು ಅಂಕಣದ ಕೂಗಾಟವನ್ನು ಕಚೇರಿಗೆ ತರಬೇಡಿ. ಆಟದಲ್ಲಿ ಅದು ಮರುಕ್ಷಣ ಮರೆತುಹೋಗುತ್ತದೆ, ಇಲ್ಲಿ ಮನಸ್ಸಿನಲ್ಲಿ ಉಳಿಯುತ್ತದೆ. ತಪ್ಪನ್ನು ಒಬ್ಬೊಬ್ಬರನ್ನೇ ಕರೆದು ಹೇಳಿ, ಮೆಚ್ಚುಗೆಯನ್ನು ಎಲ್ಲರೆದುರು ಹೇಳಿ.

ಈ ಸೋಮವಾರವೇ ಪ್ರತಿಯೊಬ್ಬರ ಜತೆ ಕೂತು, ಯಾವ ಕೆಲಸ ಯಾರದು, ಯಾವತ್ತಿಗೆ ಮುಗಿಯಬೇಕು ಎಂದು ಬರೆದುಕೊಳ್ಳಿ. ಅರ್ಧಕ್ಕೆ ಬಂದದ್ದನ್ನು ವಾಪಸ್ ಕೊಡಿ. ರಾತ್ರಿ ದಯವಿಟ್ಟು ಲ್ಯಾಪ್‌ಟಾಪ್ ತೆರೆಯಬೇಡಿ.