ಲಿನಕ್ಸ್‌ನಲ್ಲಿ ಪೋರ್ಟಬಲ್ ತಂತ್ರಾಂಶ: ಸೀಮಿತ ಬಳಕೆದಾರ ಖಾತೆಯ ರಕ್ಷಣೆ ಎಲ್ಲಿಯವರೆಗೆ?

ಮಳಿಗೆ ಅಥವಾ ಕಾರ್ಖಾನೆಯ ಗಣಕಯಂತ್ರದಲ್ಲಿ ಲಿನಕ್ಸ್ ಅಳವಡಿಸಿಕೊಂಡ ಉದ್ಯಮಿಗಳು ಸಾಮಾನ್ಯವಾಗಿ ಒಂದು ಕ್ರಮವನ್ನು ಅನುಸರಿಸುತ್ತಾರೆ. ಆಡಳಿತದ ಪಾಸ್‌ವರ್ಡ್ ಮಾಲೀಕರ ಬಳಿ ಇರುತ್ತದೆ. ಗುಮಾಸ್ತರಿಗೆ ಸೀಮಿತ ಅಧಿಕಾರದ ಖಾತೆಯನ್ನು ನೀಡಲಾಗುತ್ತದೆ. ಪಾಸ್‌ವರ್ಡ್ ಇಲ್ಲದೆ ಯಾವ ಹೊಸ ತಂತ್ರಾಂಶವೂ ಯಂತ್ರದಲ್ಲಿ ನಡೆಯದು ಎಂಬುದು ಮಾಲೀಕರ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ಸರಿ.

ಪೋರ್ಟಬಲ್ ತಂತ್ರಾಂಶವೆಂದರೇನು?

ಯಂತ್ರದಲ್ಲಿ ಅಳವಡಿಸದೆಯೇ, ಇಟ್ಟಲ್ಲಿಂದಲೇ ನಡೆಯುವ ತಂತ್ರಾಂಶಕ್ಕೆ ಈ ಹೆಸರು. ಲಿನಕ್ಸ್‌ನಲ್ಲಿ ಇದರ ಪ್ರಚಲಿತ ರೂಪ 'ಆಪ್‌ಇಮೇಜ್'. ಸೈಮನ್ ಪೀಟರ್ ಎಂಬ ತಂತ್ರಜ್ಞರು 2004ರಲ್ಲಿ 'ಕ್ಲಿಕ್' ಎಂಬ ಹೆಸರಿನಲ್ಲಿ ಆರಂಭಿಸಿದ ಯೋಜನೆಯೇ ಮುಂದೆ ಈ ರೂಪ ತಾಳಿತು. ಮುಖ್ಯ ತಂತ್ರಾಂಶ ಹಾಗೂ ಅದಕ್ಕೆ ಬೇಕಾದ ಪೂರಕ ಭಾಗಗಳೆಲ್ಲವೂ ಒಂದೇ ಕಡತದಲ್ಲಿ ಅಡಕವಾಗಿರುತ್ತವೆ. ಕಡತವನ್ನು ಅಳಿಸಿದರೆ ತಂತ್ರಾಂಶವೂ ಹೋಯಿತು. ಯಂತ್ರಭಾಗಗಳ ನಕ್ಷೆ ರಚಿಸುವ ಫ್ರೀಕ್ಯಾಡ್, ಲೇಬಲ್ ವಿನ್ಯಾಸಕ್ಕೆ ಒದಗುವ ಇಂಕ್‌ಸ್ಕೇಪ್, ಕಚೇರಿ ಕೆಲಸದ ಲಿಬ್ರೆಆಫೀಸ್ ಈ ರೂಪದಲ್ಲಿಯೂ ದೊರೆಯುತ್ತವೆ.

ನಡೆಸುವ ಕ್ರಮ

1. ಕಡತವನ್ನು ತಯಾರಕರ ಅಧಿಕೃತ ಜಾಲತಾಣದಿಂದಲೇ ಪಡೆಯಬೇಕು. ಅಲ್ಲಿ 'ಎಸ್‌ಎಚ್‌ಎ-256' ಎಂಬ 64 ಅಂಕಾಕ್ಷರಗಳ ಗುರುತು ಪ್ರಕಟವಾಗಿದ್ದರೆ, ಇಳಿಸಿಕೊಂಡ ಕಡತದ ಗುರುತಿನೊಡನೆ ತಾಳೆ ನೋಡಬೇಕು.

2. ಪೆನ್‌ಡ್ರೈವ್‌ನಲ್ಲಿ ತಂದಿದ್ದರೆ ಹೋಮ್ ಫೋಲ್ಡರಿಗೆ ನಕಲು ಮಾಡಿಕೊಳ್ಳಬೇಕು. ಬಹುತೇಕ ಪೆನ್‌ಡ್ರೈವ್‌ಗಳ 'ಫ್ಯಾಟ್' ವಿನ್ಯಾಸದಲ್ಲಿ ಲಿನಕ್ಸ್‌ನ ಅನುಮತಿಗಳನ್ನು ದಾಖಲಿಸುವ ಏರ್ಪಾಡಿಲ್ಲ.

3. ಕಡತದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್' ವಿಭಾಗದಲ್ಲಿ ತಂತ್ರಾಂಶವಾಗಿ ನಡೆಸುವ ಅನುಮತಿಯನ್ನು ನೀಡಬೇಕು. ಕಡತದ ಒಡೆತನ ತನ್ನದೇ ಆದ್ದರಿಂದ ಗುಮಾಸ್ತನಿಗೆ ಈ ಅಧಿಕಾರವಿದೆ. ಮಾಲೀಕರ ಪಾಸ್‌ವರ್ಡ್ ಬೇಕಿಲ್ಲ.

4. ಅನಂತರ ಎರಡು ಬಾರಿ ಕ್ಲಿಕ್ಕಿಸಿದರೆ ತಂತ್ರಾಂಶ ತೆರೆಯುತ್ತದೆ. ಹಲವು ಆಪ್‌ಇಮೇಜ್‌ಗಳಿಗೆ 'ಫ್ಯೂಸ್' ಗ್ರಂಥಾಲಯದ ಎರಡನೆಯ ಆವೃತ್ತಿ ಅಗತ್ಯ. 2022ರ ಉಬುಂಟು 22.04ರಿಂದ ಅದು ತಾನಾಗಿ ಬರುವುದಿಲ್ಲ. ಆಡಳಿತದ ಪಾಸ್‌ವರ್ಡ್ ಬಳಸಿ ಒಮ್ಮೆ ಅಳವಡಿಸಿಕೊಡಬೇಕಾಗುತ್ತದೆ.

ಅಪಾಯ ಎಲ್ಲಿದೆ?

ಹೀಗೆ ತೆರೆದ ತಂತ್ರಾಂಶಕ್ಕೆ ಅದನ್ನು ತೆರೆದವನಿಗಿರುವಷ್ಟೇ ಅಧಿಕಾರ. ಅದು ಲಿನಕ್ಸ್‌ನ ಮೂಲ ಕಡತಗಳನ್ನು ತಿದ್ದಲಾರದು. ಮುಚ್ಚಿಟ್ಟ ಇತರರ ಫೋಲ್ಡರುಗಳನ್ನು ತೆರೆಯಲಾರದು. ಆದರೆ ಗುಮಾಸ್ತನು ಓದಬಲ್ಲ ಬಿಲ್ಲು, ದಾಸ್ತಾನು ಪಟ್ಟಿ, ಗ್ರಾಹಕರ ವಿಳಾಸ, ತೆರಿಗೆ ವಿವರಗಳನ್ನು ಅದೂ ಓದಬಲ್ಲದು; ಅವನು ಅಳಿಸಬಲ್ಲದ್ದನ್ನು ಅಳಿಸಬಲ್ಲದು; ಅಂತರಜಾಲದ ಮೂಲಕ ಹೊರಗೆ ರವಾನಿಸಲೂ ಬಲ್ಲದು. ಲಿನಕ್ಸ್ ಕೆಟ್ಟರೆ ಉಚಿತವಾಗಿ ಮತ್ತೆ ಅಳವಡಿಸಬಹುದು. ವರ್ಷದ ಲೆಕ್ಕಪತ್ರ ಹೋದರೆ ಎಲ್ಲಿಂದ ತರುವುದು? ಸೀಮಿತ ಖಾತೆಯು ಯಂತ್ರವನ್ನು ಕಾಯುತ್ತದೆ, ವ್ಯಾಪಾರದ ದಾಖಲೆಗಳನ್ನಲ್ಲ.

ಕೈಗೊಳ್ಳಬೇಕಾದ ಏರ್ಪಾಡು

ಮೊದಲನೆಯದಾಗಿ, ಹೊಸ ತಂತ್ರಾಂಶಗಳ ಪರೀಕ್ಷೆಗೆ ಪ್ರತ್ಯೇಕ ಬಳಕೆದಾರ ಖಾತೆಯನ್ನು ತೆರೆಯಬೇಕು. ಅದರಲ್ಲಿ ಯಾವ ಲೆಕ್ಕಪತ್ರವೂ ಇರಕೂಡದು. ಲೆಕ್ಕಪತ್ರವಿರುವ ಹೋಮ್ ಫೋಲ್ಡರನ್ನು ಇತರ ಬಳಕೆದಾರರಿಗೆ ಮುಚ್ಚಿರಬೇಕು. ಉಬುಂಟುವಿನಲ್ಲಿ 2021ರ 21.04 ಆವೃತ್ತಿಯಿಂದ ಹೊಸ ಖಾತೆಗಳಿಗೆ ಇದು ತಾನಾಗಿ ಆಗುತ್ತದೆ. ಅದಕ್ಕೂ ಹಿಂದೆ ತೆರೆದ ಖಾತೆಗಳನ್ನು ಪರಿಶೀಲಿಸಬೇಕು.

ಎರಡನೆಯದಾಗಿ, ಗುಮಾಸ್ತರ ಖಾತೆಯಲ್ಲಿ ಇಂಥ ತಂತ್ರಾಂಶ ಬೇಡವೆಂದಾದರೆ, ಹೋಮ್ ಫೋಲ್ಡರುಗಳಿರುವ ಪ್ರತ್ಯೇಕ ವಿಭಾಗಕ್ಕೆ 'ನೋಎಕ್ಸೆಕ್' ನಿರ್ಬಂಧ ವಿಧಿಸಬಹುದು. ಆಗ ಅಲ್ಲಿರಿಸಿದ ಆಪ್‌ಇಮೇಜ್ ನೇರವಾಗಿ ನಡೆಯದು. ತಾತ್ಕಾಲಿಕ ಕಡತಗಳ 'ಟೆಂಪ್' ಫೋಲ್ಡರಿನಂತಹ, ಎಲ್ಲರೂ ಬರೆಯಬಲ್ಲ ಸ್ಥಳಗಳಿಗೂ ಇದೇ ನಿರ್ಬಂಧವಿಲ್ಲದಿದ್ದರೆ ಪ್ರಯೋಜನ ಕಡಿಮೆ.

ಮೂರನೆಯದಾಗಿ, ಲಿನಕ್ಸ್ ಪರಿಷ್ಕರಣೆಯೊಡನೆ ಆಪ್‌ಇಮೇಜ್ ಪರಿಷ್ಕೃತವಾಗುವುದಿಲ್ಲ. ಭದ್ರತಾ ದೋಷ ಸರಿಪಡಿಸಿದ ಹೊಸ ಆವೃತ್ತಿಯನ್ನು ಬಳಕೆದಾರರೇ ಗಮನಿಸಿ ತರಬೇಕು.

ಕೊನೆಯದಾಗಿ, ಲೆಕ್ಕಪತ್ರಗಳ ಪ್ರತಿಯೊಂದನ್ನು ಯಂತ್ರದಿಂದ ಬೇರ್ಪಡಿಸಿದ ಡಿಸ್ಕ್‌ನಲ್ಲಿ ಮಾಲೀಕರು ತಮ್ಮ ವಶದಲ್ಲಿರಿಸಿಕೊಳ್ಳತಕ್ಕದ್ದು. ಯಾವ ತಂತ್ರಾಂಶವೂ ತಲುಪಲಾಗದ ಪ್ರತಿ ಅದೊಂದೇ.