ಒಂದೇ ಹೆಸರು, ಹಲವು ಸಭೆಗಳು: ಕ್ರೈಸ್ತ ವಿವಾಹವನ್ನು ತರಗತಿಯಲ್ಲಿ ಬೋಧಿಸುವ ಬಗೆ

ಪೀಠಿಕೆ

ಬೋಧನಾಭ್ಯಾಸದ ದಿನಗಳಲ್ಲಿ ಖಾಲಿ ಅವಧಿ ಬಂದರೆ ವಿಜ್ಞಾನದ ಪ್ರಶಿಕ್ಷಣಾರ್ಥಿಗಳೂ ಸಮಾಜ ವಿಜ್ಞಾನದ ತರಗತಿಗೆ ಹೋಗಬೇಕಾಗುತ್ತದೆ. ಕ್ರೈಸ್ತ ಧರ್ಮದ ಪಾಠ ಬಂದಾಗ ಯೇಸುವಿನ ಜೀವನ, ಬೋಧನೆ, ಧರ್ಮ ಹರಡಿದ ಬಗೆ ಇಷ್ಟನ್ನು ಹೇಳಿ ಮುಗಿಸುವುದು ವಾಡಿಕೆ. ಇದರಿಂದ ಕ್ರೈಸ್ತರೆಲ್ಲರೂ ಒಂದೇ ಬಗೆಯವರು ಎಂಬ ಚಿತ್ರ ಮಕ್ಕಳಲ್ಲಿ ಉಳಿಯುತ್ತದೆ. ಆದರೆ ನಮ್ಮ ಸುತ್ತಲಿನ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಬದುಕು ಹಾಗಿಲ್ಲ. ಮದುವೆಯ ವಿಷಯ ಬಂದಾಗ ಸಭೆ ಸಭೆಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಆಚರಣೆಯಲ್ಲಿ ಏನು ಬೇರೆ, ಕಾನೂನಿನಲ್ಲಿ ಏನು ಒಂದೇ ಎಂಬ ಎರಡನ್ನೂ ಮಕ್ಕಳು ಬಿಡಿಸಿ ನೋಡುವಂತೆ ಮಾಡುವುದು ಈ ಪಾಠದ ಗುರಿ.

ಸ್ಥಳೀಯ ಹಿನ್ನೆಲೆ

ಇಂದಿನ ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಗಡಿಭಾಗದ ಮಾರ್ಟಳ್ಳಿ, ಸಂದನಪಾಳ್ಯದಂತಹ ಊರುಗಳಲ್ಲಿ ಕಥೋಲಿಕ ಕುಟುಂಬಗಳು ಹೆಚ್ಚು. ಮನೆಮಾತು ತಮಿಳು, ಶಾಲೆಯ ಮಾತು ಕನ್ನಡ. ಇಲ್ಲಿನ ಕಥೋಲಿಕ ದೇವಾಲಯಗಳು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಆಂಗ್ಲಿಕನ್, ಮೆಥೋಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ಸಿ.ಎಸ್.ಐ. ಮತ್ತೊಂದು ಪರಂಪರೆ. ಪೆಂತೆಕೊಸ್ತ್ ಮತ್ತು ಸ್ವತಂತ್ರ ಪ್ರಾರ್ಥನಾ ಸಭೆಗಳದು ಮೂರನೆಯದು. ಕರೆಯುವ ಹೆಸರಿನಿಂದಲೇ ಭೇದ ತಿಳಿಯುತ್ತದೆ: ಕಥೋಲಿಕರಿಗೆ ಫಾದರ್ ಅಥವಾ ಸ್ವಾಮಿಗಳು, ಸಿ.ಎಸ್.ಐ.ಯವರಿಗೆ ಸಭಾಪಾಲಕರು ಅಥವಾ ಅಯ್ಯನವರು, ಪ್ರಾರ್ಥನಾ ಸಭೆಯವರಿಗೆ ಪಾಸ್ಟರ್. ಫಾದರ್ ಮದುವೆಯಾಗುವಂತಿಲ್ಲ, ಉಳಿದ ಇಬ್ಬರೂ ಸಂಸಾರಸ್ಥರಾಗಿರಬಹುದು.

ವಿಷಯ ವಿಶ್ಲೇಷಣೆ: ಬೇರೆಯಾಗಿರುವುದು

ವರ್ಗೀಕರಣ ಮಾಡುವಾಗ ಒಂದು ಸಲಕ್ಕೆ ಒಂದೇ ಲಕ್ಷಣವನ್ನು ಹಿಡಿಯಬೇಕು ಎಂದು ವಿಜ್ಞಾನದಲ್ಲಿ ಕಲಿಸುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಬಹುದು.

ಮೊದಲ ಲಕ್ಷಣ, ಮದುವೆಯ ಅರ್ಥ. ಕಥೋಲಿಕ ಸಭೆಯ ಏಳು ಸಂಸ್ಕಾರಗಳಲ್ಲಿ ವಿವಾಹವೂ ಒಂದು. ಸಿ.ಎಸ್.ಐ. ಸಭೆಯಲ್ಲಿ ಅದು ದೇವರ ಮುಂದಿನ ಪವಿತ್ರ ಒಡಂಬಡಿಕೆ. ಅಲ್ಲಿ ಸಂಸ್ಕಾರಗಳೆಂದರೆ ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎರಡೇ.

ಎರಡನೆಯದು, ಸಿದ್ಧತೆ ಮತ್ತು ಆಚರಣೆ. ಮದುವೆಗೆ ಮೊದಲು ಚರ್ಚಿನಲ್ಲಿ ಭಾನುವಾರಗಳಂದು ಹೆಸರು ಓದಿ, ಅಡ್ಡಿಯಿದ್ದರೆ ತಿಳಿಸಿ ಎಂದು ಪ್ರಕಟಿಸುವ ಪದ್ಧತಿ ಕಥೋಲಿಕರಲ್ಲೂ ಸಿ.ಎಸ್.ಐ.ಯವರಲ್ಲೂ ಇದೆ. ಉಂಗುರದ ಜೊತೆಗೆ ಶಿಲುಬೆಯ ಗುರುತಿರುವ ತಾಳಿ ಕಟ್ಟುವ ರೂಢಿಯೂ ಎರಡೂ ಕಡೆ ಇದೆ. ಪೆಂತೆಕೊಸ್ತ್ ಸಭೆಗಳಲ್ಲಿ ಹಲವು ಒಡವೆ ಧರಿಸುವುದನ್ನು ಒಪ್ಪುವುದಿಲ್ಲ; ಅಲ್ಲಿ ತಾಳಿಯೂ ಇರುವುದಿಲ್ಲ.

ಮೂರನೆಯದು, ಸಭೆ ದಾಟಿದ ಮದುವೆ. ಕಥೋಲಿಕರು ಬೇರೆ ಸಭೆಯ ಕ್ರೈಸ್ತರನ್ನು ವರಿಸಲು ಧರ್ಮಾಧ್ಯಕ್ಷರ ಅನುಮತಿ ಬೇಕು. ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆ ಎಂದು ಕಥೋಲಿಕ ವ್ಯಕ್ತಿ ಮಾತು ಕೊಡಬೇಕು. ಎದುರಿನವರಿಗೆ ಇದನ್ನು ತಿಳಿಸಬೇಕು, ಆದರೆ ಅವರಿಂದ ಮಾತು ಪಡೆಯಬೇಕಾಗಿಲ್ಲ. ಸಿ.ಎಸ್.ಐ. ದೀಕ್ಷಾಸ್ನಾನವನ್ನು ಕಥೋಲಿಕ ಸಭೆ ಮಾನ್ಯ ಮಾಡುತ್ತದೆ. ಪೆಂತೆಕೊಸ್ತ್ ಸಭೆಗಳು ಸಾಮಾನ್ಯವಾಗಿ ಎಳೆಗೂಸಿನ ಸ್ನಾನವನ್ನು ಒಪ್ಪದೆ, ನಂಬಿಕೆ ಅರಿಕೆ ಮಾಡಿದ ಮೇಲೆ ನೀರಿನಲ್ಲಿ ಮುಳುಗಿಸಿ ದೀಕ್ಷೆ ಕೊಡುತ್ತವೆ. ಹಾಗಾಗಿ ಇಂತಹ ಮನೆಗಳಲ್ಲಿ ಭಾನುವಾರ ಯಾವ ಸಭೆಗೆ ಹೋಗುವುದು, ಮಗುವಿಗೆ ಸ್ನಾನ ಯಾವಾಗ ಎಂಬುದು ಸಂಸಾರದ ದಿನನಿತ್ಯದ ಪ್ರಶ್ನೆಯಾಗುತ್ತದೆ. ಹೆಣ್ಣು ಗಂಡನ ಸಭೆಗೆ ಸೇರಬೇಕೆಂಬ ನಿರೀಕ್ಷೆ ಸಾಮಾನ್ಯವಾಗಿದ್ದರೂ ಹಾಗೆಂದು ಯಾವ ಕಾನೂನೂ ಹೇಳುವುದಿಲ್ಲ.

ವಿಷಯ ವಿಶ್ಲೇಷಣೆ: ಒಂದೇ ಆಗಿರುವುದು

ಸಭೆ ಯಾವುದಾದರೂ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ, 1872 ಎಲ್ಲರಿಗೂ ಒಂದೇ. ಅದರಂತೆ ವಿವಾಹ ನಡೆಸುವವರಿಗೆ ಅಧಿಕಾರ ಇರಬೇಕು. ಅಧಿಕಾರವಿಲ್ಲದೆ ನಡೆಸಿದರೆ 68ನೇ ಕಲಮಿನಂತೆ ಹತ್ತು ವರ್ಷದವರೆಗೆ ಶಿಕ್ಷೆ ಇದೆ. ಬಾಡಿಗೆ ಕಟ್ಟಡದ ಚಿಕ್ಕ ಸಭೆಯಲ್ಲಾದರೂ ಪಾಸ್ಟರ್‌ಗೆ ಪರವಾನಗಿ ಇದೆಯೇ ಎಂದು ಕೇಳುವ ಹಕ್ಕು ವಧುವರರಿಗೆ ಇದೆ. ನೋಂದಣಿ ಪುಸ್ತಕ ಮತ್ತು ಪ್ರಮಾಣಪತ್ರ ಮುಂದೆ ಜೀವನಾಂಶಕ್ಕೂ ಆಸ್ತಿಗೂ ವಿಧವಾ ವೇತನಕ್ಕೂ ಆಧಾರ. ಒಪ್ಪಿಗೆ ಇಲ್ಲದೆ ಯಾವ ಸಭೆಯಲ್ಲೂ ಮದುವೆ ಇಲ್ಲ.

ವಯಸ್ಸೂ ಒಂದೇ: ಹುಡುಗಿಗೆ 18, ಹುಡುಗನಿಗೆ 21. ಬಾಲ್ಯವಿವಾಹ ನಿಷೇಧ ಕಾಯ್ದೆ, 2006ರಂತೆ ಮದುವೆ ನಡೆಸಿಕೊಟ್ಟ ಧರ್ಮಗುರುವೂ ಶಿಕ್ಷೆಗೆ ಗುರಿ. ಕರ್ನಾಟಕದ ತಿದ್ದುಪಡಿಯಂತೆ ಅಂತಹ ಮದುವೆ ಮೊದಲಿನಿಂದಲೇ ಅಸಿಂಧು. ಪ್ರೌಢಶಾಲೆಯ ಹುಡುಗಿಯರಿಗೆ ಈ ಪಾಠದ ಅತಿ ಮುಖ್ಯ ಅಂಶ ಇದೇ. ಸಹಾಯವಾಣಿ 1098 ಕಪ್ಪುಹಲಗೆಯ ಮೇಲೆ ಇರಲಿ.

ವಿಚ್ಛೇದನಕ್ಕೂ ಇದೇ ನಿಯಮ. ಕಥೋಲಿಕ ಸಭೆ ವಿಚ್ಛೇದನ ಒಪ್ಪುವುದಿಲ್ಲ. ವಿವಾಹ ಮೊದಲಿನಿಂದಲೇ ಸಿಂಧುವಾಗಿರಲಿಲ್ಲ ಎಂದು ಚರ್ಚಿನ ನ್ಯಾಯಮಂಡಳಿ ಹೇಳಬಹುದು. ಆದರೆ ಆ ತೀರ್ಪಿಗೆ ಕಾನೂನಿನ ಬಲ ಇಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಮರುಮದುವೆಗೆ ನ್ಯಾಯಾಲಯದ ಆದೇಶ ಬೇಕೇ ಬೇಕು. ಹಿಂದೆ ಪತ್ನಿಗೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯ ಅಥವಾ ತ್ಯಜಿಸುವಿಕೆಯನ್ನೂ ಸಾಬೀತು ಮಾಡುವ ಹೊರೆ ಇತ್ತು. 2001ರ ತಿದ್ದುಪಡಿ ಅದನ್ನು ತೆಗೆದು ಇಬ್ಬರಿಗೂ ಸಮಾನ ಆಧಾರಗಳನ್ನು ಕೊಟ್ಟಿತು.

ಬೋಧನೆಯಲ್ಲಿ ವಹಿಸಬೇಕಾದ ಎಚ್ಚರ

ಯಳಂದೂರಿನ ಒಂದು ತರಗತಿಯಲ್ಲಿ ಒಬ್ಬಿಬ್ಬರು ಕ್ರೈಸ್ತ ಮಕ್ಕಳಿರಬಹುದು, ಮಾರ್ಟಳ್ಳಿಯ ತರಗತಿಯಲ್ಲಿ ಹೆಚ್ಚಿನವರು ಅವರೇ ಇರಬಹುದು. "ನಿಮ್ಮಲ್ಲಿ ಮದುವೆ ಹೇಗೆ ಮಾಡುತ್ತಾರೆ?" ಎಂಬ ಪ್ರಶ್ನೆ ಎರಡನೆಯ ಕಡೆ ಚರ್ಚೆಗೆ ದಾರಿ ಮಾಡುತ್ತದೆ, ಮೊದಲನೆಯ ಕಡೆ ಒಂದು ಮಗುವನ್ನು ಎದ್ದು ನಿಲ್ಲಿಸುತ್ತದೆ.

ಇನ್ನೂ ಸೂಕ್ಷ್ಮವಾದ ಕಾರಣವಿದೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದಂತೆ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ. ಕ್ರೈಸ್ತರಾದ ದಲಿತರಿಗೆ ಇಲ್ಲ. ಆದ್ದರಿಂದ ಭಾನುವಾರದ ಸಭೆಗೂ ದಾಖಲಾತಿ ಪುಸ್ತಕದ ಜಾತಿ ಕಾಲಂಗೂ ಹೊಂದಿಕೆಯಾಗದ ಮನೆಗಳಿರುತ್ತವೆ. ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆ ಆ ಮನೆಯ ವಿದ್ಯಾರ್ಥಿವೇತನದ ಚಿಂತೆಯಾಗಬಹುದು. ಆದ್ದರಿಂದ ಮಗುವಿನ ಸಭೆ, ಜಾತಿ, ತಂದೆತಾಯಿಯ ಮದುವೆ ಈ ಮೂರನ್ನೂ ತರಗತಿಯಲ್ಲಿ ಕೇಳಬಾರದು.

ಚಟುವಟಿಕೆಯ ಹಂತಗಳು (45 ನಿಮಿಷ)

1. ತೊಡಗಿಸುವಿಕೆ: ಹೆಸರು ಅಳಿಸಿದ ಮೂರು ಕಾಲ್ಪನಿಕ ಮದುವೆ ಆಮಂತ್ರಣ ಪತ್ರಿಕೆಗಳನ್ನು ಗುಂಪುಗಳಿಗೆ ಕೊಡುವುದು.
2. ಅನ್ವೇಷಣೆ: ಸ್ಥಳ, ನಡೆಸಿಕೊಡುವವರು, ಬಳಸಿದ ಪದಗಳು ಇವನ್ನು ಪಟ್ಟಿ ಮಾಡಿಸುವುದು.
3. ವಿವರಣೆ: "ಬೇರೆ" ಮತ್ತು "ಒಂದೇ" ಎಂಬ ಎರಡು ಕಾಲಂಗಳಲ್ಲಿ ಕಪ್ಪುಹಲಗೆ ಸಾರಾಂಶ ಬರೆಯುವುದು.
4. ವಿಸ್ತರಣೆ: ಹಿಂದೂ ಮತ್ತು ಮುಸ್ಲಿಂ ವಿವಾಹಗಳಿಗೂ ಇದೇ ಎರಡು ಕಾಲಂಗಳನ್ನು ಅನ್ವಯಿಸುವುದು. ಇದರಿಂದ ಒಂದೇ ಸಮುದಾಯ ಪ್ರದರ್ಶನದ ವಸ್ತುವಾಗುವುದು ತಪ್ಪುತ್ತದೆ.
5. ಮೌಲ್ಯಮಾಪನ: "ಹದಿನಾರು ವರ್ಷದ ಹುಡುಗಿಗೆ ಅವಳ ಸಭೆಯ ಹಿರಿಯರು ಮದುವೆ ನಿಶ್ಚಯಿಸಿದ್ದಾರೆ. ಯಾವ ನಿಯಮ ಅನ್ವಯಿಸುತ್ತದೆ? ಅವಳು ಯಾರ ನೆರವು ಕೇಳಬಹುದು?" ಎಂಬ ಪ್ರಶ್ನೆಗೆ ಚೀಟಿಯಲ್ಲಿ ಹೆಸರಿಲ್ಲದೆ ಉತ್ತರ ಬರೆಸುವುದು.

ಉಪಸಂಹಾರ

ತಾಳಿಯೋ ಉಂಗುರವೋ ಎಂಬುದನ್ನು ಆಯಾ ಸಭೆ ನಿರ್ಧರಿಸಲಿ. ವಯಸ್ಸು, ಒಪ್ಪಿಗೆ, ದಾಖಲೆ ಈ ಮೂರನ್ನು ಪ್ರತಿ ಮಗುವೂ ತಿಳಿದು ಶಾಲೆ ಬಿಡಬೇಕು. ಚೀಟಿಗಳಲ್ಲಿ ಯಾವುದಾದರೂ ಒಂದು ಉತ್ತರ ಪಾಠದ ಉತ್ತರವಲ್ಲ, ಮನೆಯ ಸಂಗತಿ ಎಂದು ಅನಿಸಿದರೆ ಪ್ರಶಿಕ್ಷಣಾರ್ಥಿ ಅದನ್ನು ಅಂದೇ ಮುಖ್ಯ ಶಿಕ್ಷಕರ ಗಮನಕ್ಕೆ ತರಬೇಕು.